ಹತ್ತನೆಯ ಗಂಟು

ಆ ಬೀದಿಯಲ್ಲಿ ಮೂವತ್ತು ದಾಟಿದವರಲ್ಲಿ ಗಂಟಜ್ಜಿಯ ಕೈಗೆ ಬೀಳದೆ ಭೂಮಿಗೆ ಬಂದವರು ಯಾರಾದರೂ ಇದ್ದರೆ ಅವರು ಬೇರೆ ಕಡೆಯಿಂದ ಬಾಡಿಗೆಗೆ ಬಂದವರೇ ಇರಬೇಕು. ಸೂಲಗಿತ್ತಿಗೆ ಆ ಹೆಸರು ಬಂದದ್ದು ದಾರದಿಂದ. ಬೇನೆ ತಿನ್ನುವ ಹೆಂಗಸಿನ ಪಕ್ಕ ಕೂತಳೆಂದರೆ ಅವಳ ಕೈಯಲ್ಲಿ ಎರಡು ಮೊಳ ದಾರ. ಒಂದು ನೋವು ಬಂದು ಹೋದರೆ ಒಂದು ಗಂಟು, ಹತ್ತನೆಯದಕ್ಕೆ ಜೋಡಿಗಂಟು. "ಮುಟ್ಟಿ ನೋಡು ಮಗಳೇ, ಇಪ್ಪತ್ತಾಯ್ತು, ಅರ್ಧ ದಾರಿ ಬಂದ್ಬಿಟ್ಟೆ" ಎಂದು ದಾರವನ್ನು ಆ ಹೆಂಗಸಿನ ಕೈಗೇ ಕೊಡುತ್ತಿದ್ದಳು. ಗಡಿಯಾರ ನೋಡಲು ಅವಳಿಗೆ ಬರುತ್ತಿರಲಿಲ್ಲ, ಬೇಕೂ ಆಗಿರಲಿಲ್ಲ.

ಸುಳ್ಳು ನೋವಿಗೆ ಮಾತ್ರ ಗಂಟಿಲ್ಲ. ಹೊಟ್ಟೆಯ ಮೇಲೆ ಅಂಗೈ ಇಟ್ಟು ಒಂದು ಗಳಿಗೆ ಕಣ್ಣು ಮುಚ್ಚುತ್ತಿದ್ದಳು. ನೋವು ನಿಜವಾದರೆ ದಾರ ತೆಗೆಯುತ್ತಿದ್ದಳು, ಸುಳ್ಳಾದರೆ ಎದ್ದು ಮನೆಗೆ ಹೋಗುತ್ತಿದ್ದಳು. "ಸುಳ್ಳು ನೋವಿಗೆ ಗಂಟಿಲ್ಲ" ಎನ್ನುವುದು ಬೀದಿಯಲ್ಲಿ ಗಾದೆಯೇ ಆಗಿಹೋಗಿತ್ತು. ಹುಸಿ ಅಳು ಅಳುವ ಮಕ್ಕಳಿಗೂ ತಾಯಂದಿರು ಅದನ್ನೇ ಹೇಳುತ್ತಿದ್ದರು. ಹೆರಿಗೆಯಾದ ಮೇಲೆ ದಾರವನ್ನು ಅವಳು ಬಿಚ್ಚುತ್ತಿರಲಿಲ್ಲ, ಎಸೆಯುತ್ತಲೂ ಇರಲಿಲ್ಲ. ಎಲ್ಲವೂ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಬೆಚ್ಚಗೆ ಮಲಗಿದ್ದವು.

ಬಸ್ ನಿಲ್ದಾಣದ ಹತ್ತಿರ ದೊಡ್ಡಾಸ್ಪತ್ರೆ ಬಂದು ಒಂಬತ್ತು ವರ್ಷವಾಗಿತ್ತು. ಡಬ್ಬಿಗೆ ಹೊಸ ದಾರ ಬಿದ್ದು ನಾಲ್ಕು ವರ್ಷ. ಹಾಗಾಗಿ ಸೊಸೆ ಬಸುರಿಯಾದ ಸುದ್ದಿ ಕೇಳಿದ ದಿನವೇ ಅಜ್ಜಿ ತನ್ನ ಹೆರಿಗೆ ಚೀಲವನ್ನು ಒಗೆದು ಬಿಸಿಲಿಗೆ ಹಾಕಿದಳು. ಸೊಸೆಯನ್ನು ಯಾರೂ ಒಂದು ಮಾತು ಕೇಳಲಿಲ್ಲ. ಕೇಳಬೇಕೆಂದು ಯಾರಿಗೂ ಹೊಳೆಯಲೂ ಇಲ್ಲ.

ಸೊಸೆ ಶಾಲೆ ಮಕ್ಕಳ ಯೂನಿಫಾರಂ ಹೊಲಿಯುವ ಅಂಗಡಿಯಲ್ಲಿ ದರ್ಜಿ. ತಾಯಿಯಿಲ್ಲದ ಹುಡುಗಿ, ಹೆರಿಗೆಗೆ ಹೋಗಲು ಬೇರೆ ಮನೆ ಇರಲಿಲ್ಲ. ಏಳು ತಿಂಗಳು ತುಂಬಿದ ವಾರ ಅವಳು ಒಬ್ಬಳೇ ದೊಡ್ಡಾಸ್ಪತ್ರೆಗೆ ಹೋಗಿ, ಸಂಜೆ ಒಂದು ಹಳದಿ ಕಾರ್ಡು ಹಿಡಿದು ಮನೆಗೆ ಬಂದಳು.

"ಏನಂದ್ಲಪ್ಪ ನಿನ್ನ ಡಾಕ್ಟರಮ್ಮ?" ಊಟಕ್ಕೆ ಕೂತಾಗ ಅತ್ತೆ ಕೇಳಿದಳು.

"ರಕ್ತದಲ್ಲಿ ಸಕ್ಕರೆ ಜಾಸ್ತಿ ಇದೆಯಂತೆ. ಮಗು ದಪ್ಪ ಬೆಳೀತಿದೆಯಂತೆ. ಅನ್ನ ಕಮ್ಮಿ ತಿನ್ಬೇಕು, ಸಿಹಿ ಮುಟ್ಲೇಬಾರ್ದು. ನೋವು ಶುರುವಾದ ಕೂಡ್ಲೆ ಆಸ್ಪತ್ರೆಗೆ ಬನ್ನಿ, ಮನೇಲಿ ಕಾಯ್ತಾ ಕೂರ್ಬೇಡಿ ಅಂದ್ರು."

"ಮಗು ದಪ್ಪ ಇರೋದೂ ಒಂದು ಕಾಯಿಲೇನಾ ಈಗ?" ಅತ್ತೆ ಸೊಸೆಯ ತಟ್ಟೆಗೆ ಇನ್ನೊಂದು ಸೌಟು ಅನ್ನ ಹಾಕಿದಳು. "ಎಷ್ಟೊತ್ತು ನೋಡಿದ್ಲು?"

ಸೊಸೆಗೆ ಸುಳ್ಳು ಹೇಳಲು ಬರಲಿಲ್ಲ. "ಮೂರು ನಿಮಿಷ."

"ನಾಲ್ಕು ಗಂಟೆ ಬೆಂಚು ಕಾದು ಮೂರು ನಿಮಿಷ. ನಾನು ಒಬ್ಬೊಬ್ಬಳ ಪಕ್ಕ ಎರಡು ಹಗಲು ಕೂತಿದ್ದುಂಟು. ಮುಟ್ಟಿ ನೋಡಿದ್ಲಾ?"

"ಯಂತ್ರ ಇಟ್ಟು ನೋಡಿದ್ರು."

ಗಂಡ ಬೇಕರಿಯಲ್ಲಿ ಒಲೆ ನೋಡುವವನು. ದಿನವೂ ಮಿಕ್ಕ ಬನ್ನು ತರುತ್ತಿದ್ದ. ಅವತ್ತೂ ತಂದದ್ದನ್ನು ಮುರಿದು ಅರ್ಧ ಹೆಂಡತಿಯ ಕಡೆ ನೀಡಿದವನು, ಸಿಹಿ ಎಂಬುದು ನೆನಪಾಗಿ ಕೈಯನ್ನು ಗಾಳಿಯಲ್ಲೇ ನಿಲ್ಲಿಸಿದ.

"ಕೊಡೋ, ತಿನ್ಲಿ. ಎರಡು ಜೀವ ಅದು," ಅಂದಳು ಅತ್ತೆ. "ಮನೇಲಿ ಸೂಲಗಿತ್ತಿ ಇಟ್ಕೊಂಡು ಸೊಸೆ ಆಸ್ಪತ್ರೆ ಮೆಟ್ಲು ಹತ್ತಿದ್ರೆ, ನಾಳೆ ನನ್ನ ಬಾಗಿಲು ಯಾರು ತಟ್ತಾರೆ?"

"ಈಗ ಯಾರು ತಟ್ತಿದಾರೆ, ಅತ್ತೆ?"

ಬಾಯಿ ಜಾರಿದ ಮಾತು. ಅತ್ತೆ ಎದ್ದು ಪಾತ್ರೆ ತೊಳೆಯಲು ಹೋದಳು. ಮೂಲೆಯಲ್ಲಿ ಉಣ್ಣುತ್ತಿದ್ದ ಮಾವ ಎಲ್ಲವನ್ನೂ ಕೇಳಿ, ಏನೂ ಕೇಳದವನಂತೆ ಕೈ ತೊಳೆದ. ಮಾವನಿಗೆ ಮಾರುಕಟ್ಟೆಯಲ್ಲಿ ಬೀಗ ರಿಪೇರಿಯ ಗೂಡಂಗಡಿ. ಊರಿನ ಬೀಗವನ್ನೆಲ್ಲ ತೆಗೆದವನು ತನ್ನ ಬಾಯಿಯ ಬೀಗ ತೆಗೆದದ್ದನ್ನು ಆ ಮನೆಯಲ್ಲಿ ಯಾರೂ ಕಂಡಿರಲಿಲ್ಲ.

ವಾರವೆಲ್ಲ ಮನೆಯಲ್ಲಿ ಪಾತ್ರೆಗಳೇ ಮಾತಾಡಿದವು. ಕೊನೆಗೆ ಗಂಡ ಒಂದು ಉಪಾಯ ತಂದ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾತಿಯವನು ಅವನು.

"ಶುರು ಅಮ್ಮನ ಕೈಲಿ, ಮುಗಿಯೋದು ಆಸ್ಪತ್ರೇಲಿ. ನೋವು ಬಂದ್ರೆ ಅಮ್ಮ ದಾರ ಹಿಡೀಲಿ. ಹತ್ತನೇ ಗಂಟು ಬಿದ್ದ ಕೂಡ್ಲೆ ನಂಗೊಂದು ಫೋನು. ಬೇಕರಿ ವ್ಯಾನ್ ತಗೊಂಡು ಬರ್ತೀನಿ. ಏನಂತೀಯಮ್ಮ?"

"ಹತ್ತಕ್ಕಾ?" ಅಂದಳು ಅತ್ತೆ. "ಆಯ್ತು. ಹತ್ತಕ್ಕೆ."

"ನೀನೇನಂತೀಯೇ?"

"ಹತ್ತಕ್ಕೆ ಅಂದ್ರೆ ಹತ್ತಕ್ಕೇ," ಅಂದಳು ಸೊಸೆ.

"ನನ್ನ ದಾರ ಇವತ್ತಿನವರೆಗೆ ಯಾರಿಗೂ ಸುಳ್ಳು ಹೇಳಿಲ್ಲ ಕಣಮ್ಮ," ಅಂದಳು ಅತ್ತೆ. ಅದು ನಿಜವೂ ಆಗಿತ್ತು.

ಆಮೇಲಿನ ವಾರಗಳು ಚೆನ್ನಾಗಿರಲಿಲ್ಲ ಎಂದರೆ ಅನ್ಯಾಯವಾದೀತು. ಸೊಸೆ ಅಂಗಡಿಯಿಂದ ಬಂದು ಕಾಲು ಚಾಚಿದರೆ ಅತ್ತೆ ಊದಿದ ಪಾದಗಳನ್ನು ತೊಡೆಯ ಮೇಲಿಟ್ಟುಕೊಂಡು ಒತ್ತುತ್ತಿದ್ದಳು. ಹೊಟ್ಟೆಯ ಮೇಲೆ ಕೈಯಾಡಿಸಿ, "ಬೆನ್ನು ಎಡಕ್ಕಿದೆ, ತಲೆ ಕೆಳಗೆ ಬಂದಿದೆ, ಹಠಮಾರಿ ಕಣೇ ಇದು, ನಿನ್ನ ಹಾಗೇ" ಅನ್ನುತ್ತಿದ್ದಳು. ಮುಂದಿನ ವಾರ ಆಸ್ಪತ್ರೆಯ ಯಂತ್ರ ಅದನ್ನೇ ಹೇಳಿದಾಗ ಸೊಸೆಗೆ ಒಳಗೊಳಗೇ ಹೆಮ್ಮೆಯಾಯಿತು. ಆಸ್ಪತ್ರೆಯಲ್ಲಿ ಅವಳನ್ನು ಯಾರೂ ಹೆಸರು ಹಿಡಿದು ಕರೆದವರಲ್ಲ, ಟೋಕನ್ ನಂಬರು ಕೂಗುತ್ತಿದ್ದರು. ಅತ್ತೆಯ ಕೈ ಬಿಸಿಯಾಗಿತ್ತು, ತಾಯಿಯ ಕೈ ಹೀಗೇ ಇರುತ್ತಿತ್ತೇನೋ ಎಂದು ಅವಳಿಗೆ ಅನ್ನಿಸಿದ್ದೂ ಉಂಟು. ಆದರೂ ಹಳದಿ ಕಾರ್ಡನ್ನು ಅವಳು ಮನೆಯಲ್ಲಿದ್ದ ತನ್ನ ಹೊಲಿಗೆ ಯಂತ್ರದ ಡ್ರಾಯರಿನಲ್ಲಿ, ಕೈಗೆ ಸಿಗುವ ಹಾಗೆ ಇಟ್ಟಿದ್ದಳು.

ಒಂಬತ್ತನೇ ತಿಂಗಳಲ್ಲಿ ಒಂದು ಮಧ್ಯಾಹ್ನ ಅಂಗಡಿಯಲ್ಲೇ ನೋವು ಬಂತು. ಮನೆಗೆ ಬಂದಳು. ಅತ್ತೆ ಅಂಗೈ ಇಟ್ಟು ಕಣ್ಣು ಮುಚ್ಚಿ ತೆರೆದಳು.

"ಸುಳ್ಳು. ಮಲಕ್ಕೋ, ಹೋಗತ್ತೆ."

"ಇಲ್ಲ ಅತ್ತೆ, ತುಂಬಾ ನೋಯ್ತಿದೆ. ಅವರಿಗೆ ಫೋನ್ ಮಾಡಿ."

ಗಂಡ ಒಲೆಯಲ್ಲಿದ್ದ ಬ್ರೆಡ್ಡನ್ನು ಇನ್ನೊಬ್ಬನಿಗೆ ಒಪ್ಪಿಸಿ ವ್ಯಾನ್ ತಂದ. ಆಸ್ಪತ್ರೆಯಲ್ಲಿ ನರ್ಸು ಒಂದು ಗಂಟೆ ಮಲಗಿಸಿ ನೋಡಿ, "ಇದು ನೋವೇ ಅಲ್ಲಮ್ಮ, ಇರೋ ಹಾಸಿಗೆ ಎಲ್ಲಾ ಹೀಗೆ ಬಂದೋರೇ ಹಿಡಿದ್ರೆ ಹೆರೋರು ಎಲ್ಲಿ ಹೋಗ್ಬೇಕು?" ಎಂದು ಎಲ್ಲರೆದುರು ಅಂದು ವಾಪಸು ಕಳಿಸಿದಳು. ಆ ಕಡೆ ಒಂದು ಒಲೆಯ ಬ್ರೆಡ್ಡು ಪೂರಾ ಸೀದುಹೋಗಿತ್ತು. ಮಾಲೀಕ ಗಂಡನಿಗೆ ಕೆಲಸದ ಹುಡುಗಿಯರ ಎದುರೇ ಬೈದ.

"ಅಮ್ಮ ಹೇಳಿದ್ಲಲ್ಲ," ಅಂದ ಗಂಡ. ಅಷ್ಟೇ ಅಂದದ್ದು.

ಅತ್ತೆ ಅಷ್ಟೂ ಅನ್ನಲಿಲ್ಲ. ಬಿಸಿನೀರು ಕಾಯಿಸಿ ಕೊಟ್ಟಳು, ಹೊದಿಕೆ ಹೊದಿಸಿದಳು. ಎರಡು ಮಾತು ಬೈದಿದ್ದರೆ ಸೊಸೆ ತಿರುಗಿ ಒಂದು ಮಾತಾಡಿ ಹಗುರಾಗುತ್ತಿದ್ದಳು. ಅವತ್ತಿನಿಂದ ಅವಳಿಗೆ ತನ್ನ ಹೊಟ್ಟೆಯ ಮೇಲೇ ನಂಬಿಕೆ ಹೋಯಿತು.

ಹನ್ನೊಂದು ದಿನ ಕಳೆದು, ಬೆಳಿಗ್ಗೆ ಆರಕ್ಕೆ, ಮತ್ತೆ ನೋವು. ಗಂಡ ಬೇಕರಿಗೆ ಹೋಗಿ ಆಗಿತ್ತು. ಅತ್ತೆ ಬಂದು ಅಂಗೈ ಇಟ್ಟಳು. ಕಣ್ಣು ಮುಚ್ಚಿದಳು. ಈ ಸಲ ಸ್ವಲ್ಪ ಹೆಚ್ಚು ಹೊತ್ತು ಮುಚ್ಚಿದಳು ಎಂದು ಸೊಸೆಗೆ ಆಮೇಲೆ, ಎಷ್ಟೋ ಆಮೇಲೆ ನೆನಪಾಯಿತು.

"ಸುಳ್ಳು," ಅಂದಳು ಅತ್ತೆ. ಆದರೆ ಎದ್ದು ಹೋಗಲಿಲ್ಲ. ಶಾಲು ಹೊದ್ದುಕೊಂಡು ಮಂಚದ ಪಕ್ಕ ಕೂತಳು.

"ದಾರ ತಗೊಳ್ಳಿ ಅತ್ತೆ. ಇದು ಬೇರೆ ಥರ ಇದೆ."

"ಸುಳ್ಳು ನೋವಿಗೆ ದಾರ ಯಾಕೆ ದಂಡ? ಉಸಿರು ಎಳಕೋ. ನಾನಿಲ್ವಾ?"

ಒಂಬತ್ತಕ್ಕೆ ಗಂಡನ ಫೋನು ಬಂತು. ಸೊಸೆ ಹಲ್ಲು ಕಚ್ಚಿಕೊಂಡಿದ್ದಳು, ಮಾತಾಡಿದ್ದು ಅತ್ತೆ. "ಏನಿಲ್ಲ ಕಣೋ, ಮೊನ್ನೆ ಥರಾನೇ. ಮತ್ತೆ ಒಲೆ ಬಿಟ್ಟು ಓಡಿ ಬರ್ಬೇಡ. ನಾನು ಹೇಳ್ತೀನಿ."

ಮಾವ ಹೊರಡಲು ಸಿದ್ಧನಾಗಿ ಬೀಗದ ಪೆಟ್ಟಿಗೆ ಹಿಡಿದು ಬಾಗಿಲಲ್ಲಿ ನಿಂತ. ಹೆಂಡತಿಯ ಶಾಲು ನೋಡಿದ, ಮುಖ ನೋಡಿದ.

"ಗಾಡಿಗೆ ಹೇಳ್ಲಾ?" ಅಂದ.

"ನಿಮ್ಮ ಬೀಗ ನೀವು ನೋಡ್ಕೊಳ್ಳಿ," ಅಂದಳು ಅತ್ತೆ.

ಅವನು ಹೋದ. ಹನ್ನೊಂದಕ್ಕೆ ಸೊಸೆ ತಾನೇ ಎದ್ದು ಡ್ರಾಯರಿನ ಕಾರ್ಡು ತೆಗೆದುಕೊಳ್ಳಲು ಹೋಗಿ, ಯಂತ್ರ ಹಿಡಿದುಕೊಂಡು ಅಲ್ಲೇ ಕುಸಿದಳು. "ಅತ್ತೆ, ಇದು ಸುಳ್ಳಲ್ಲ. ಸುಳ್ಳಾದ್ರೆ ನಿಜ ಹೆಂಗಿರತ್ತೆ?"

"ನಿಜ ಬಂದ್ರೆ ನಿಂಗೇ ಗೊತ್ತಾಗತ್ತೆ, ನೀನು ಕೇಳಲ್ಲ," ಅಂದಳು ಅತ್ತೆ. ಅದಕ್ಕೆ ಸೊಸೆ ಮತ್ತೆ ಕೇಳಲಿಲ್ಲ.

ಹನ್ನೆರಡಕ್ಕೆ ನೀರು ಒಡೆಯಿತು. ಆಗ ಅತ್ತೆ ಶಾಲು ಕೊಡವಿ ಎದ್ದಳು. "ಈಗ ನಿಜ. ಈಗ ಹೊರಟ್ರೆ ದಾರೀಲೇ ಆಗತ್ತೆ." ಎದುರುಮನೆಯ ತರಕಾರಿಯವಳನ್ನು ಕೂಗಿ ಕರೆದಳು, ನೀರಿಟ್ಟಳು, ಬಟ್ಟೆ ಹಾಸಿದಳು. ನಾಲ್ಕು ವರ್ಷ ಕುಗ್ಗಿದ್ದ ಬೆನ್ನು ನೆಟ್ಟಗಾಗಿತ್ತು.

ಎರಡು ಗಂಟೆಗೆ ತಲೆ ಬಂತು, ಅಲ್ಲಿಗೇ ನಿಂತಿತು. ದಪ್ಪ ಮಗು, ಭುಜ ಸಿಕ್ಕಿಕೊಂಡಿತ್ತು. ತರಕಾರಿಯವಳು ಬಾಯಿಗೆ ಬಟ್ಟೆ ಒತ್ತಿಕೊಂಡು ಗೋಡೆ ಕಡೆ ತಿರುಗಿದಳು. ಅತ್ತೆ ಮುಂದಕ್ಕೆ ಬಾಗಿದಳು. "ಮಂಡಿ ಮೇಲೆ ತಿರುಗು. ತಿರುಗೇ!" ಎಂದು ಸೊಸೆಯನ್ನು ಅಂಗೈ ಮಂಡಿಗಳ ಮೇಲೆ ನಿಲ್ಲಿಸಿ, ಕೈ ಹಾಕಿ, ಹುಡುಕಿ, ಎಳೆದಳು. ಹೆಣ್ಣುಮಗು. ಮೊದಲು ನೀಲಿಯಾಗಿತ್ತು, ಬೆನ್ನು ತಿಕ್ಕಿದ ಮೇಲೆ ಅತ್ತಿತು. ಎಡಗೈ ಬೀಸಿ ಅತ್ತಿತು. ಬಲಗೈ ಸುಮ್ಮನೆ ಜೋತುಬಿದ್ದಿತ್ತು.

ಸಂಜೆ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಮಗುವಿನ ಕೈ ಎತ್ತಿ ಬಿಟ್ಟಳು. ಅದು ಬಿತ್ತು.

"ಭುಜದ ನರ ಎಳೆದಿದೆ. ಎಷ್ಟು ಸರಿಹೋಗತ್ತೆ ಅಂತ ಈಗ್ಲೇ ಹೇಳಕ್ಕಾಗಲ್ಲ. ನೋವು ಶುರುವಾದ ಕೂಡ್ಲೆ ಬನ್ನಿ ಅಂತ ಕಾರ್ಡ್ ಮೇಲೆ ಕೆಂಪಲ್ಲಿ ಬರೆದಿದೀನಿ. ಓದಕ್ಕೆ ಬರಲ್ವಾ ನಿಮಗೆ?"

ಗಂಡ ನೆಲ ನೋಡಿದ. ಅತ್ತೆ ಕಿಟಕಿ ನೋಡಿದಳು. "ಸುಳ್ಳು ನೋವು ಅಂದ್ಕೊಂಡೆ," ಅಂದಳು ಸೊಸೆ. ತಪ್ಪು ತನ್ನದೇ ಎಂದು ಅವಳು ನಿಜವಾಗಿಯೂ ನಂಬಿದ್ದಳು.

ಕಸರತ್ತು ಹೇಳಿಕೊಡುವ ಹುಡುಗಿ ಮಗುವಿನ ಕೈಯನ್ನು ಮೆಲ್ಲಗೆ ಎತ್ತಿ, ತಿರುಗಿಸಿ, ಇಳಿಸಿ ತೋರಿಸಿದಳು. "ದಿನಾ ನಾಲ್ಕು ಹೊತ್ತು. ಹೊತ್ತಿಗೆ ಹತ್ತೇ ಸಲ. ಜಾಸ್ತಿ ಬೇಡ, ಎಳೆ ನರ."

ಮನೆಗೆ ಬಂದ ಮೇಲೆ ಆ ಕೆಲಸ ಅತ್ತೆಗೇ ಬಿತ್ತು. ಸೊಸೆ ಮುಟ್ಟಿದರೆ ಮಗು ಚೀರುತ್ತಿತ್ತು, ಅಜ್ಜಿ ಮುಟ್ಟಿದರೆ ಸುಮ್ಮನಿರುತ್ತಿತ್ತು. ಎಣ್ಣೆ ಬೆಚ್ಚಗೆ ಮಾಡಿ, ತೊಡೆಯ ಮೇಲೆ ಹಾಕಿಕೊಂಡು, ಎಣಿಸದೆ, ತನಗೆ ತೋಚಿದಷ್ಟು ಹೊತ್ತು ತಿಕ್ಕುತ್ತಿದ್ದಳು. "ಹತ್ತೇ ಅಂತೆ ಅತ್ತೆ," ಎಂದರೆ, "ಆ ಹುಡುಗಿ ಹುಟ್ಟೋಕೆ ಮುಂಚೆಯಿಂದ ತಿಕ್ತಿದೀನಿ ನಾನು" ಅನ್ನುತ್ತಿದ್ದಳು.

ಬೀದಿಯಲ್ಲಿ ಸುದ್ದಿ ಬೇರೆಯೇ ಬಣ್ಣ ಕಟ್ಟಿಕೊಂಡು ಹಬ್ಬಿತ್ತು. ತರಕಾರಿಯವಳು ಸೊಪ್ಪಿನ ಜೊತೆ ಕಥೆಯನ್ನೂ ಮಾರಿದ್ದಳು. "ತಲೆ ಬಂದು ನಿಂತ್ಬಿಡ್ತು ಕಣ್ರೀ, ಆಸ್ಪತ್ರೆಯಾಗಿದ್ರೆ ಹೊಟ್ಟೆ ಕುಯ್ದು ಹಾಕೋರು. ಗಂಟಜ್ಜಿ ಒಂದೇ ಕೈಲಿ ಎಳೆದ್ಲು!" ಬಂದವರೆಲ್ಲ ಸೊಸೆಗೆ ಹೇಳಿದ್ದು ಒಂದೇ ಮಾತು: ಪುಣ್ಯ ಮಾಡಿದ್ದೆ, ಅಂಥ ಅತ್ತೆ ಸಿಕ್ಕಿದ್ಲು. ಸೊಸೆ ತಲೆಯಾಡಿಸುತ್ತಿದ್ದಳು. ಎರಡು ತಿಂಗಳಲ್ಲಿ ಮೂವರು ಬಸುರಿಯರ ಮನೆಯವರು ಬಂದು ಅಜ್ಜಿಯನ್ನು ಮಾತಾಡಿಸಿ ಹೋದರು. ಅಜ್ಜಿ ಹೆರಿಗೆ ಚೀಲ ಕೆಳಗಿಳಿಸಿದಳು.

"ಒಳಗಿನ ಜೇಬು ಹರಿದಿದೆ. ಸ್ವಲ್ಪ ಹೊಲಿದು ಕೊಡಮ್ಮ," ಎಂದು ಅದನ್ನು ಸೊಸೆಯ ಯಂತ್ರದ ಮೇಲಿಟ್ಟಳು.

ಜೇಬಿನ ತೂತು ಹೊಲಿಯಲು ಸೊಸೆ ಚೀಲವನ್ನು ಒಳಮೈ ಹೊರಗೆ ಮಾಡಿದಳು. ಲೈನಿಂಗ್ ಒಳಗೆ, ತೂತಿನಿಂದ ಜಾರಿ ತಳದಲ್ಲಿ, ಏನೋ ಸಣ್ಣಗೆ ಸುರುಟಿಕೊಂಡಿತ್ತು. ಬೆರಳಾಡಿಸಿ ಎಳೆದಳು. ದಾರ.

ಬೂದು ಬಣ್ಣದ ದಪ್ಪ ದಾರ, ಯೂನಿಫಾರಂ ಕೋಟಿಗೆ ಗುಂಡಿ ಹಚ್ಚುವುದು. ಹೊಸ ರೀಲನ್ನು ಅವಳು ಅಂಗಡಿಯಿಂದ ತಂದಿಟ್ಟದ್ದು ಹೆರಿಗೆಯ ಹಿಂದಿನ ವಾರ. ಬಾಣಂತನ ಮುಗಿಸಿ ಮೊದಲ ಸಲ ಯಂತ್ರದ ಮುಂದೆ ಕೂತಾಗ ಆ ರೀಲಿನ ತುದಿ ಕತ್ತರಿಯಿಂದಲ್ಲ, ಹಲ್ಲಿನಿಂದ ಕಡಿದಂತೆ ಸಿಬಿರು ಸಿಬಿರಾಗಿದ್ದದ್ದನ್ನು ಕಂಡು, ಯಾರಪ್ಪ ಇದು ಎಂದುಕೊಂಡಿದ್ದಳು. ಆ ರೀಲು ಬಂದ ಮೇಲೆ ಗಂಟಜ್ಜಿ ಮಾಡಿಸಿದ ಹೆರಿಗೆ ಒಂದೇ ಒಂದು.

ಅವಳು ಉಗುರಿನಿಂದ ಎಣಿಸಿದಳು. ಒಂಬತ್ತು ಗಂಟು, ಆಮೇಲೆ ಒಂದು ಜೋಡಿ. ಮತ್ತೆ ಒಂಬತ್ತು, ಜೋಡಿ. ಮತ್ತೆ. ಮತ್ತೆ. ನಾಲ್ಕು ಜೋಡಿಗಂಟು, ಕೊನೆಗೆ ಮೂರು ಬಿಡಿ. ನಲವತ್ಮೂರು. ಹತ್ತನೆಯದನ್ನು ಮರೆತು ದಾಟಿರಲಿಲ್ಲ. ನಿಂತು, ಎರಡು ಸಲ ಬಿಗಿದು, ಮುಂದೆ ಹೋಗಿತ್ತು ಆ ಕೈ.

ಸಂಜೆ ದಾರವನ್ನು ಗಂಡನ ಮುಂದೆ ಹಿಡಿದಳು. ಸೂಲಗಿತ್ತಿಯ ಮಗನಿಗೆ ವಿವರಿಸಿ ಹೇಳಬೇಕಾಗಿರಲಿಲ್ಲ. ಅವನು ಅದನ್ನು ಮುಟ್ಟಲಿಲ್ಲ.

"ಅಮ್ಮ ಇಲ್ದಿದ್ರೆ ಮಗೂನೇ ಇರ್ತಿರ್ಲಿಲ್ಲ ಕಣೇ."

"ಹತ್ತಕ್ಕೆ ಹೇಳಿದ್ರೆ?"

"ಆದದ್ದು ಆಯ್ತು. ಈಗ ಅದನ್ನ ಎತ್ತಿ ಏನು ಮಾಡ್ತೀಯ? ಮನೆ ಒಡೀತೀಯಾ?"

"ನಾನಾ ಒಡೆಯೋಳು?" ಅಂದಳು ಅವಳು. ಗಂಡ ಬನ್ನಿನ ಪೊಟ್ಟಣ ಬಿಚ್ಚಿ, ಮತ್ತೆ ಕಟ್ಟಿಟ್ಟ.

ಮಾರನೆಯ ದಿನ ರಜೆ, ಎಲ್ಲರೂ ಮನೆಯಲ್ಲಿದ್ದರು. ಊಟ ಮುಗಿದ ಹೊತ್ತಿಗೆ ತರಕಾರಿಯವಳು ಬಂದು ನಡುಮನೆಯಲ್ಲಿ ಕೂತಳು. ಅವಳ ಮಗಳಿಗೆ ಒಂಬತ್ತು ತುಂಬಿತ್ತು.

"ಅಜ್ಜಿ, ಆಸ್ಪತ್ರೆಯೋರು ರಕ್ತ ಕಮ್ಮಿ ಇದೆ, ಬಂದು ಸೇರ್ಕೊಳ್ಳಿ ಅಂತಾರೆ. ನಾನು ಹೇಳ್ದೆ, ನಮ್ಮ ಗಂಟಜ್ಜಿ ಇರೋವಾಗ ಯಾವ ಆಸ್ಪತ್ರೆ ಅಂತ."

"ಅವರು ಹೇಳ್ತಾನೇ ಇರ್ತಾರೆ. ಬರ್ತೀನಿ ಬಿಡು," ಅಂದಳು ಅತ್ತೆ. ಒಳಗೆ ತಿರುಗಿ ಕೂಗಿದಳು, "ಚೀಲ ಹೊಲಿದಾಯ್ತೇನಮ್ಮ? ಹಾಗೇ ಒಂದೆರಡು ಮೊಳ ದಾರ ಹಾಕಿಡು."

ಸೊಸೆ ಚೀಲ ತಂದು ಅತ್ತೆಯ ಮುಂದಿಟ್ಟಳು. ಅದರ ಮೇಲೆ ಬೂದು ದಾರವನ್ನು ಉದ್ದಕ್ಕೆ ಬಿಡಿಸಿಟ್ಟಳು.

"ಹೊಸದು ಯಾಕೆ ದಂಡ, ಅತ್ತೆ? ಇದರಲ್ಲಿ ಇನ್ನೂ ಜಾಗ ಇದೆ. ನಲವತ್ಮೂರೇ ಆಗಿರೋದು."

ತರಕಾರಿಯವಳು ನಗುತ್ತ ದಾರ ಕೈಗೆತ್ತಿಕೊಂಡಳು. ಅವಳು ಇದೇ ಅಜ್ಜಿಯ ಕೈಯಲ್ಲಿ ಮೂರು ಹೆತ್ತವಳು, ಜೋಡಿಗಂಟನ್ನು ಕಣ್ಣು ಮುಚ್ಚಿ ಗುರುತಿಸುವವಳು. "ಇದ್ಯಾರದು? ನಿಂದಾ? ಆದ್ರೆ ಅವತ್ತು ನಾ ಬಂದಾಗ ಅಜ್ಜಿ ಕೈಲಿ ದಾರಾನೇ ಇರ್ಲಿಲ್ವಲ್ಲ. ಬೆಳಿಗ್ಗೆಯಿಂದ ಸುಳ್ಳು ನೋವು ಅಂತ..." ಬೆರಳು ಮೊದಲನೆಯ ಜೋಡಿಗಂಟಿನ ಮೇಲೆ ನಿಂತಿತು. ನಗು ಎಲ್ಲೋ ಹೋಯಿತು. ಅವಳು ದಾರವನ್ನು ಇದ್ದಲ್ಲೇ ಇಟ್ಟು ಮೇಲೆದ್ದಳು.

"ಬರ್ತೀನಿ ಅಜ್ಜಿ. ಮಗಳು ಒಬ್ಬಳೇ ಇದಾಳೆ."

ಅವಳ ಚಪ್ಪಲಿ ಸದ್ದು ಬೀದಿ ದಾಟಿತು.

"ಹತ್ತಕ್ಕೆ ಹೇಳ್ಬೇಕು ಅಂತಾನೇ ಇದ್ದೆ," ಅಂದಳು ಅತ್ತೆ. ಯಾರ ಮುಖವನ್ನೂ ನೋಡದೆ ಅಂದಳು. "ತಲೆ ಸರಿಯಾಗಿ ಕೂತಿತ್ತು, ನೋವು ಚೆನ್ನಾಗಿ ಬರ್ತಿತ್ತು. ಇನ್ನೊಂದು ಹತ್ತು ನೋಡೋಣ ಅಂದ್ಕೊಂಡೆ. ಆಮೇಲೆ ಇನ್ನೊಂದು. ಊರಿನ ಮಕ್ಕಳೆಲ್ಲಾ ನನ್ನ ಕೈಗೆ ಬಂದ್ವು. ನನ್ನ ಮನೇದೊಂದು ಬರ್ದೆ ಹೋಗತ್ತಲ್ಲ ಅಂತ..."

"ಬಂತಲ್ಲ," ಅಂದಳು ಸೊಸೆ.

"ನಾನು ಜೀವ ಉಳಿಸ್ದೆ ಕಣೇ."

"ಹೌದು. ಅದನ್ನ ಊರೆಲ್ಲ ಹೇಳ್ತಿದೆ."

ಗಂಡ, "ಸಾಕು ಬಿಡ್ರೇ ಇಬ್ರೂ" ಅಂದ. ಆಗ ಮೂಲೆಯಿಂದ ಮಾವನ ದನಿ ಬಂತು.

"ನಾನೂ ನೋಡಿದ್ದೆ. ಶಾಲಿನ ಕೆಳಗೆ ಕೈ ಆಡ್ತಾ ಇತ್ತು."

ಎಲ್ಲರೂ ಅವನ ಕಡೆ ತಿರುಗಿದರು. ಅವನ ಬಾಯಿಯ ಬೀಗ ತೆಗೆದದ್ದು ಅವತ್ತೇ. ಅದೂ ಒಳಗಿದ್ದದ್ದನ್ನೆಲ್ಲ ಕಳ್ಳರು ಹೊತ್ತುಕೊಂಡು ಹೋದ ಮೇಲೆ. ಸೊಸೆಗೆ ಅವನ ಮೇಲೆ ಬಂದಷ್ಟು ಸಿಟ್ಟು ಅತ್ತೆಯ ಮೇಲೂ ಬರಲಿಲ್ಲ.

ತೊಟ್ಟಿಲಲ್ಲಿ ಮಗು ಅತ್ತಿತು. ನಾಲ್ಕು ಗಂಟೆ, ಕೈ ಎತ್ತಿಸುವ ಹೊತ್ತು. ಅತ್ತೆ ಅಭ್ಯಾಸಬಲದಿಂದ ಎದ್ದು ಎಣ್ಣೆ ಬಟ್ಟಲು ತಂದು, ಚಾಪೆಯ ಮೇಲೆ ಕಾಲು ನೀಡಿ ಕೂತಳು. ಕೂತ ಮೇಲೆ, ಮಗುವನ್ನು ತನ್ನ ತೊಡೆಗೆ ಯಾರಾದರೂ ಹಾಕುತ್ತಾರೋ ಇಲ್ಲವೋ ಎಂದು ತಿಳಿಯದೆ, ಎಣ್ಣೆಯನ್ನೇ ನೋಡುತ್ತಿದ್ದಳು.

ಸೊಸೆ ಮಗುವನ್ನೆತ್ತಿ ಎದೆಗೆ ಒತ್ತಿ ನಿಂತಳು. ತಾನೇ ಒಮ್ಮೆ ಆ ಪುಟ್ಟ ಬಲಗೈ ಎತ್ತಲು ನೋಡಿದಳು, ಮಗು ಕಿಟಾರನೆ ಚೀರಿತು. ಆ ಮನೆಯಲ್ಲಿ ಆ ಕೆಲಸ ಬಲ್ಲ ಕೈ ಒಂದೇ ಇತ್ತು. ಮಗುವನ್ನು ತಂದು ಅತ್ತೆಯ ತೊಡೆಯ ಮೇಲೆ ಹಾಕಿದಳು, ಹಾಕಿ ಎದುರಿಗೇ ಕೂತಳು.

"ಎಣಿಸಿ ಅತ್ತೆ."

"ಏನು?"

"ಜೋರಾಗಿ ಎಣಿಸಿ. ನಂಗೆ ಕೇಳೋ ಹಾಗೆ."

ಅತ್ತೆ ಬೆರಳಿಗೆ ಎಣ್ಣೆ ಹಚ್ಚಿಕೊಂಡಳು. ಪುಟ್ಟ ಕೈಯನ್ನು ಎತ್ತಿ, ತಿರುಗಿಸಿ, ಇಳಿಸಿದಳು. "ಒಂದು," ಅಂದಳು. "ಎರಡು." ಮಗು ಅಳು ನಿಲ್ಲಿಸಿ ಅಜ್ಜಿಯ ಮುಖವನ್ನೇ ನೋಡತೊಡಗಿತು. ಏಳಾಯಿತು, ಎಂಟಾಯಿತು, ಒಂಬತ್ತಾಯಿತು. ಸೊಸೆ ರೆಪ್ಪೆ ಬಡಿಯದೆ ಆ ಕೈಯನ್ನೇ ನೋಡುತ್ತಿದ್ದಳು.

"ಹತ್ತು," ಅಂದಳು ಅತ್ತೆ, ಮತ್ತು ನಿಲ್ಲಿಸಿದಳು.